ಗುರುವಾರದೊಳಗೆ ನಲವತ್ತು ಚೌಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೇಕರಿಯ ಹಿಂಬಾಗಿಲಿನಿಂದ ಬಿಸಿ ಬ್ರೆಡ್ಡಿನ ವಾಸನೆ ಬರುತ್ತಿದೆ. ಬೀಗ ರಿಪೇರಿ ಅಂಗಡಿಯ ಯಜಮಾನರು ತಮ್ಮದೇ ಶಟರಿನ ಬೀಗದ ಜೊತೆ ಗುದ್ದಾಡುತ್ತಿದ್ದಾರೆ. ಊರವರ ಬೀಗವನ್ನೆಲ್ಲ ಚಿಟಿಕೆ ಹೊಡೆಯುವುದರಲ್ಲಿ ತೆಗೆಯುವ ಕೈಯನ್ನು ಸ್ವಂತ ಬೀಗ ಮಾತ್ರ ದಿನಾ ಸತಾಯಿಸುತ್ತದೆ. ಶಟರ್ ಅರ್ಧ ಮೇಲೇರುವ ಹೊತ್ತಿಗೆ ಅವರ ಬೆನ್ನ ಹಿಂದೆ ಸ್ಕೂಟರ್ ಬಂದು ನಿಲ್ಲುತ್ತದೆ.

"ಅಣ್ಣಾ, ಈ ವಾರ ಏನು ಹಾಕೋಣ?"

ಅವರು ತಿರುಗಿಯೂ ನೋಡುವುದಿಲ್ಲ. "ಮೊದಲು ಬಾಗಿಲು ತೆಗೆಯೋಕೆ ಬಿಡು ಮಹಾತಾಯಿ!"

ಕಿವಿಯ ಸಂದಿಯಲ್ಲಿ ಪೆನ್ಸಿಲ್, ಹೆಗಲಲ್ಲಿ ಹಳೆಯ ಸಂಚಿಕೆಗಳು ತುಂಬಿದ ಚೀಲ. ಐವತ್ತೆರಡರ ಈ ಹೆಂಗಸು ವಾರಪತ್ರಿಕೆಯೊಂದರ ಸಣ್ಣ ಜಾಹೀರಾತು ಪುಟಕ್ಕೆ ಹತ್ತೊಂಬತ್ತು ವರ್ಷಗಳಿಂದ ಜಾಹೀರಾತು ತರುತ್ತಿದ್ದಾರೆ. ಒಂದು ಚೌಕದಲ್ಲಿ ಇಪ್ಪತ್ತು ಪದ ಹಿಡಿಯುತ್ತದೆ. ಹಾಗಾಗಿ ಅಂಗಡಿ ಬೀದಿಗೆಲ್ಲ ಇವರು 'ಇಪ್ಪತ್ತು ಪದದಕ್ಕ'. ಪತ್ರಿಕೆ ಓದುವವರಿಗೆ ಸಂಪಾದಕರು ಗೊತ್ತು, ಅಂಕಣ ಬರೆಯುವವರು ಗೊತ್ತು. ಕೊನೆಯ ಪುಟದ ಹಿಂದಿನ ಪುಟ ತುಂಬಿಸಲು ಒಬ್ಬರು ನಸುಕಿನಲ್ಲೇ ಬೀದಿ ಸುತ್ತುತ್ತಾರೆಂಬುದು ಯಾರಿಗೂ ಗೊತ್ತಿಲ್ಲ.

ನಸುಕಿನಲ್ಲೇ ಯಾಕೆ ಎಂದರೆ ಅವರ ಉತ್ತರ ಸಿದ್ಧವಿದೆ. "ಮೊದಲ ಗಿರಾಕಿ ಬರೋಕೆ ಮುಂಚೆ ಅಂಗಡಿಯವರ ತಲೆ ತಣ್ಣಗಿರುತ್ತೆ. ಆಮೇಲೆ ಹೋದ್ರೆ ನನ್ನ ಮಾತಿಗೆ ಕಿವಿ ಎಲ್ಲಿಂದ ತರ್ತಾರೆ?" ಆರು ಗಂಟೆಯಿಂದ ಒಂಬತ್ತೂವರೆಯೊಳಗೆ ಮೂವತ್ತೈದು ಬಾಗಿಲು. ಮಧ್ಯಾಹ್ನ ಟ್ಯೂಷನ್ ಮನೆಗಳು, ಹಲ್ಲಿನ ಡಾಕ್ಟರು, ಹೊಲಿಗೆ ಕಲಿಸುವವರು. ಇಷ್ಟೆಲ್ಲ ಸುತ್ತಿದರೆ ದಿನಕ್ಕೆ ಏಳೆಂಟು ಚೌಕ. ಒಂದು ಕಾಲಕ್ಕೆ ಎರಡು ಪುಟ, ನೂರಹತ್ತು ಚೌಕ ತುಂಬಿ ತುಳುಕುತ್ತಿದ್ದವು, ಜಾಗವಿಲ್ಲವೆಂದು ಜನರನ್ನು ವಾಪಸು ಕಳಿಸಿದ್ದೂ ಉಂಟು. ಈಗ ಉಳಿದಿರುವುದು ಒಂದೇ ಪುಟ.

ಅದಕ್ಕೂ ಈಗ ಕುತ್ತು ಬಂದಿದೆ. ಸತತ ಮೂರು ವಾರ ನಲವತ್ತು ಚೌಕ ತುಂಬದಿದ್ದರೆ ಪುಟವನ್ನೂ ಅಚ್ಚನ್ನೂ ನಿಲ್ಲಿಸಿ ಪತ್ರಿಕೆಯನ್ನು ಫೋನಿಗಷ್ಟೇ ಇಳಿಸುವುದೆಂದು ಸಂಪಾದಕರು ಹೇಳಿಬಿಟ್ಟಿದ್ದಾರೆ. ಮೊದಲ ವಾರ ಮೂವತ್ತೆಂಟಾಯಿತು. ಎರಡನೆಯ ವಾರ ಮೂವತ್ತಾರು. ಇದು ಮೂರನೆಯ ವಾರ, ಇವತ್ತೇ ಗುರುವಾರ. ಸಂಜೆ ಐದಕ್ಕೆ ಪುಟ ಮುಗಿಸಬೇಕು. ಚೀಲದಲ್ಲಿರುವುದು ಮೂವತ್ತಮೂರು.

"ಅಳ್ತಾ ಕೂತ್ರೆ ಮೂವತ್ತಮೂರು ಮೂವತ್ತನಾಲ್ಕಾಗುತ್ತಾ?" ಎಂದು ಸ್ಕೂಟರ್ ಒದೆಯುತ್ತಾರೆ.

ತಮಾಷೆಯೆಂದರೆ ಎದುರಾಳಿ ಇವರ ಮನೆಯಲ್ಲೇ ಇದ್ದಾಳೆ. ಮಗಳ ಕೆಲಸ ಅಂಗಡಿಗಳ ಜಾಹೀರಾತನ್ನು ಫೋನಿನಲ್ಲಿ ಓಡಿಸುವುದು. ತಾಯಿ ಬೆಳಿಗ್ಗೆ ಹೋದ ಅಂಗಡಿಗೆ ಮಗಳು ಸಂಜೆ ಹೋಗಿರುತ್ತಾಳೆ. ಊಟದ ಹೊತ್ತಿಗೆ ಇಬ್ಬರೂ ಯಾರ ಕೈಗೆ ಯಾರು ಸಿಕ್ಕರೆಂದು ಲೆಕ್ಕ ಒಪ್ಪಿಸುತ್ತಾರೆ. "ಅಮ್ಮನ ಗಿರಾಕೀನ ಮಾತ್ರ ಒಲಿಸಿಕೊಳ್ಳೋಕೆ ಆಗಲ್ಲ," ಎನ್ನುತ್ತಾಳೆ ಮಗಳು. "ಎಷ್ಟು ಜನ ನೋಡಿದ್ರು ಅಂತ ನಾನು ತೋರಿಸ್ತೀನಿ. ಅಮ್ಮ ಒಂದು ನೋಟ್‌ಬುಕ್ ತೋರಿಸ್ತಾಳೆ. ನಾನು ಸೋತೆ."

ಆ ನೋಟ್‌ಬುಕ್ ಹುಟ್ಟಿದ್ದು ಒಂದು ಎಡವಟ್ಟಿನಿಂದ. ಎರಡು ವರ್ಷದ ಹಿಂದೆ ಇದೇ ಬೀಗದ ಯಜಮಾನರು, "ಫೋನಿನ ಜಾಹೀರಾತು ಎಷ್ಟು ಜನ ನೋಡಿದ್ರು ಅಂತ ಹೇಳುತ್ತೆ, ನಿನ್ನ ಪತ್ರಿಕೆ ಹೇಳುತ್ತಾ? ಇದೇ ಕೊನೆ ಸಲ," ಎಂದು ಒಂದು ಚೌಕ ಕೊಟ್ಟಿದ್ದರು. ಅದನ್ನು ಬರೆದುಕೊಳ್ಳುವ ಗಡಿಬಿಡಿಯಲ್ಲಿ ಫೋನ್ ನಂಬರಿನ ಮೂರು ಎಂಟಾಯಿತು. ಪತ್ರಿಕೆ ಶನಿವಾರ ಬಂತು. ಮಂಗಳವಾರ ಯಜಮಾನರು ಹಾರಿಬಿದ್ದರು. "ಒಂದೇ ಒಂದು ಫೋನ್ ಬಂದಿಲ್ಲ. ನಾನು ಹೇಳ್ಲಿಲ್ವಾ, ಇದನ್ನ ಯಾರೂ ಓದಲ್ಲ ಅಂತ?"

ಅಕ್ಕ ಪುಟ ತೆರೆದು ನಂಬರ್ ನೋಡಿದರು. ಅಲ್ಲೇ ನಿಂತು ಆ ತಪ್ಪು ನಂಬರಿಗೆ ಫೋನ್ ಮಾಡಿದರು.

"ಇದು ಬೀಗದ ಅಂಗಡಿ ಅಲ್ಲಮ್ಮ," ಎಂದಿತು ವಯಸ್ಸಾದ ಹೆಂಗಸಿನ ದನಿ. "ಪರವಾಗಿಲ್ಲ, ನಿಮ್ಮ ಹೆಸರು, ನಂಬರು ಹೇಳಿ. ಬರ್ಕೋತೀನಿ."

ಅವರು ನಿವೃತ್ತ ನರ್ಸ್. ಮೂವತ್ತನಾಲ್ಕು ವರ್ಷ ರೋಗಿಗಳ ಜ್ವರ ಬರೆದಿಟ್ಟ ಕೈ ಸುಮ್ಮನಿರಲಿಲ್ಲ. ಬಂದ ಪ್ರತಿಯೊಂದು ಫೋನನ್ನೂ ಗಂಟೆ, ಹೆಸರು, ನಂಬರಿನ ಸಮೇತ ನೋಟ್‌ಬುಕ್ಕಿನಲ್ಲಿ ಇಳಿಸಿದ್ದರು. ಕೊನೆಯ ಅಂಕಣಕ್ಕೆ 'ಕಾಯಿಲೆ' ಎಂದು ತಲೆಬರಹ. ಅದರ ಕೆಳಗೆ 'ಕೀಲಿ ಒಳಗೇ ಮುರಿದಿದೆ', 'ಬೀರು ತೆಗೆಯುತ್ತಿಲ್ಲ' ಎಂದೆಲ್ಲ ದುಂಡಗಿನ ಅಕ್ಷರ. ಮೂರೇ ದಿನದಲ್ಲಿ ಮೂವತ್ತೊಂದು ಫೋನು.

ಬೈಸಿಕೊಳ್ಳಲು ತಯಾರಾಗಿ ಆ ನರ್ಸಮ್ಮನ ಮನೆಗೆ ಹೋಗಿದ್ದ ಅಕ್ಕ ಕಾಫಿ ಕುಡಿದು, ನೋಟ್‌ಬುಕ್ ಎದೆಗವಚಿಕೊಂಡು ಬೀಗದ ಅಂಗಡಿಗೆ ಓಡಿದರು. ಯಜಮಾನರು ಕನ್ನಡಕ ಏರಿಸಿ ಓದಿದರು. ಆಮೇಲೆ, "ಅಯ್ಯೋ, ಇದ್ರಲ್ಲಿ ನನ್ನ ಷಡ್ಡಕನೂ ಇದ್ದಾನಲ್ಲ! ನನ್ನ ನಂಬರ್ ಇಟ್ಕೊಂಡಿಲ್ವಾ ಈ ಪುಣ್ಯಾತ್ಮ?" ಎಂದರು. ಅವತ್ತಿನಿಂದ ಒಂದು ವಾರವೂ ಅವರ ಚೌಕ ತಪ್ಪಿಲ್ಲ.

ನರ್ಸಮ್ಮನ ಕೆಲಸವೂ ನಿಂತಿಲ್ಲ. ಕೈತುಂಬ ಹತ್ತಿಯಿರುವ ಹಾಸಿಗೆಯವರು, ಏಣಿಯ ಮೇಲಿರುವ ಪೇಂಟರ್, ಹೀಗೆ ಫೋನೆತ್ತಲು ಪುರುಸೊತ್ತಿಲ್ಲದವರು ಈಗ ಅವರ ನಂಬರನ್ನೇ ಹಾಕಿಸುತ್ತಾರೆ. ಅಕ್ಕನಿಗೆ ಆ ನೋಟ್‌ಬುಕ್ಕೇ ದೊಡ್ಡ ಬಲ. ಆ ತಪ್ಪು ಮಾತ್ರ ಇನ್ನೂ ಚುಚ್ಚುತ್ತದೆ. ಅದಕ್ಕೇ ಪ್ರತಿ ನಂಬರನ್ನೂ ಅಂಗಡಿಯವರ ಮುಂದೆ ಕೊನೆಯಿಂದ ಮೊದಲಿಗೆ ಓದಿಸುತ್ತಾರೆ. "ಮುಂದಿನಿಂದ ಓದಿದ್ರೆ ನಾಲಿಗೆ ತಾನಾಗೇ ಓಡುತ್ತೆ. ಹಿಂದಿನಿಂದ ಓದಿದ್ರೆ ಕಣ್ಣು ಕೆಲಸ ಮಾಡ್ಲೇಬೇಕು."

ಬೆಳಿಗ್ಗೆಯ ಸುತ್ತಿನಲ್ಲಿ ನಾಲ್ಕು ಚೌಕ ಸಿಕ್ಕವು. ಮಧ್ಯಾಹ್ನ ಗಡಿಯಾರದವರು 'ಮುಂದಿನ ವಾರ ನೋಡೋಣ' ಎಂದರು. ಅಕ್ಕ ಜಗ್ಗದೆ ನೋಟ್‌ಬುಕ್ ಬಿಡಿಸಿದ ಮೇಲೆ ಒಂದು ಕೊಟ್ಟರು. ಗಣಿತದ ಟೀಚರ್ ಇನ್ನೊಂದು. ನಾಲ್ಕೂವರೆಗೆ ಪತ್ರಿಕೆಯ ಕಚೇರಿಯ ಮೆಟ್ಟಿಲು ಹತ್ತುವಾಗ ಮೂವತ್ತೊಂಬತ್ತು.

ಪುಟ ಕಟ್ಟುವವನಿಗೆ ಪಾಪ ಎನಿಸಿತು. "ಅಕ್ಕಾ, ಹಳೇ ಕೊಡೆ ರಿಪೇರಿಯವರ ಚೌಕ ಇಲ್ಲೇ ಇದೆ. ಹಾಕಿಬಿಡ್ಲಾ? ಯಾರಿಗೆ ಗೊತ್ತಾಗುತ್ತೆ?"

ಅಕ್ಕನ ಮುಖ ಬಿಗಿಯಿತು. "ಅವ್ರು ಅಂಗಡಿ ಮುಚ್ಚಿ ವರ್ಷ ಆಯ್ತು ಕಣೋ. ಯಾರೋ ಮುರಿದ ಕೊಡೆ ಹಿಡ್ಕೊಂಡು ಅಷ್ಟು ದೂರ ಹೋಗಿ ಮುಚ್ಚಿದ ಬಾಗಿಲು ನೋಡ್ಕೊಂಡು ಬರಬೇಕಾ? ಹಾಗೆ ತುಂಬಿಸೋದಾದ್ರೆ ಪುಟ ಸಾಯೋದೇ ವಾಸಿ."

ಮೂಲೆಯ ಸ್ಟೂಲಿನ ಮೇಲೆ ಕೂತು ಪೆನ್ಸಿಲ್ ತೆಗೆದರು. ಬರೆದರು, ಬೆರಳಲ್ಲಿ ಪದ ಎಣಿಸಿದರು, ನಂಬರನ್ನು ಕೊನೆಯಿಂದ ಮೊದಲಿಗೆ ಗಟ್ಟಿಯಾಗಿ ಓದಿಕೊಂಡರು. ಎಲ್ಲರಂತೆ ದುಡ್ಡು ಕಟ್ಟಿ ರಸೀದಿಯನ್ನೂ ಹರಿದುಕೊಂಡರು.

ಐದಕ್ಕೆ ಐದು ನಿಮಿಷವಿರುವಾಗ ಸಂಪಾದಕರು ಪುಟವನ್ನು ಎಣಿಸುತ್ತಾ ಬಂದು ನಲವತ್ತನೆಯ ಚೌಕದಲ್ಲಿ ನಿಲ್ಲುತ್ತಾರೆ. 'ಸಣ್ಣ ಜಾಹೀರಾತು ಬೇಕೆ? ನೀವು ಬಾಗಿಲು ತೆಗೆಯುವ ಹೊತ್ತಿಗೆ ನಾನೇ ಬರುತ್ತೇನೆ. ಬರೆದುಕೊಡುವುದೂ ನನ್ನದೇ ಕೆಲಸ. ಹತ್ತೊಂಬತ್ತು ವರ್ಷದಿಂದ ಇದೇ ಬೀದಿಗಳಲ್ಲಿ ಇದ್ದೇನೆ, ಮುಂದಿನ ವಾರವೂ ಇರುತ್ತೇನೆ.' ಸರಿಯಾಗಿ ಇಪ್ಪತ್ತು ಪದ, ಕೆಳಗೆ ಅಕ್ಕನದೇ ಫೋನ್ ನಂಬರ್. ಹತ್ತೊಂಬತ್ತು ವರ್ಷ ಊರವರಿಗೆಲ್ಲ ಬರೆದುಕೊಟ್ಟವರು ತಮಗಾಗಿ ಬರೆದುಕೊಂಡದ್ದು ಇದೇ ಮೊದಲು.

"ಏನಮ್ಮ ಇದು? ಇದನ್ನ ಲೆಕ್ಕಕ್ಕೆ ತಗೋಬೇಕಾ?"

"ಸುಳ್ಳು ಒಂದಕ್ಷರ ಇದ್ರೆ ಹೊಡೆದು ಹಾಕಿ ಸಾರ್. ಬೇಕಾದ್ರೆ ಫೋನ್ ಮಾಡಿ ನೋಡಿ."

ಸಂಪಾದಕರು ನಿಜಕ್ಕೂ ಮಾಡುತ್ತಾರೆ. ಮೇಜಿನ ಈಚೆ, ಹಳೆಯ ಸಂಚಿಕೆಗಳ ಚೀಲದೊಳಗಿಂದ ಫೋನ್ ಬಡಿದುಕೊಳ್ಳುತ್ತದೆ. ಅಕ್ಕ ಅದನ್ನೆತ್ತಿ ಕಿವಿಗಿಟ್ಟು, ಇನ್ನೊಂದು ಕಿವಿಯ ಸಂದಿಯಿಂದ ಪೆನ್ಸಿಲ್ ಎಳೆದು, ಎದುರಿಗೇ ನಿಂತವರನ್ನು ಕೇಳುತ್ತಾರೆ.

"ಹೇಳಿ ಸಾರ್, ಯಾವ ಅಂಗಡಿ? ನಾಳೆ ಎಷ್ಟೊತ್ತಿಗೆ ಬಾಗಿಲು ತೆಗೀತೀರಿ?"