ಒಗ್ಗರಣೆ ಎಣ್ಣೆ ನೆತ್ತಿಗೇರಿದ ಬೀಗರೂಟ

ನಮ್ಮ ಕಡೆ ಮದುವೆ ಆಯಿತು ಅಂತ ಊರು ಒಪ್ಪುವುದು ತಾಳಿ ಕಟ್ಟಿದಾಗಲ್ಲ, ಬೀಗರೂಟ ಆದಾಗ. ಹೆಣ್ಣಿನ ಕಡೆಯವರನ್ನು ಕರೆದು, ಕುರಿ ಕೊಯ್ದು, ಮುದ್ದೆ ಹಾಕಿ, ಉಂಡವರು ಕೈ ಊರಿಕೊಂಡು ಏಳುವ ತನಕ ಬಡಿಸಬೇಕು. ನನ್ನ ಮೊಮ್ಮಗ ಮಾಡಿಕೊಂಡದ್ದು ಕುಮಟಾ ಕಡೆಯ ಕೊಂಕಣಿ ಹುಡುಗಿಯನ್ನು. ಇಬ್ಬರೂ ಮದ್ದೂರಿನ ಒಂದೇ ಶಾಲೆಯಲ್ಲಿ ಪಾಠ ಹೇಳುತ್ತಾರೆ. ಹುಡುಗಿಯ ಮನೆಯವರು ಕುರಿ ಕೋಳಿ ಮುಟ್ಟುವವರಲ್ಲ. ಬೀಗರೇ ಉಣ್ಣದ ಬೀಗರೂಟ ಯಾವ ಸೀಮೆಯದು?

ಅದಕ್ಕಿಂತ ದೊಡ್ಡ ತೊಡಕು ಹುಡುಗಿಯ ತಾಯಿ. ಆಕೆಗೆ ಈ ಮದುವೆ ಬೇಕಿರಲಿಲ್ಲ. ಮದುವೆ ದಿನ ಅಕ್ಷತೆ ಹಾಕಿ, ಒಂದು ಬಾಳೆಹಣ್ಣು ಸುಲಿದು ತಿಂದು ಹೊರಟುಬಿಟ್ಟರು. ಬೀಗರೂಟಕ್ಕೆ ಬರುತ್ತೇನೆ, ಆದರೆ ನಿಮ್ಮಲ್ಲಿ ನೀರೂ ಮುಟ್ಟುವುದಿಲ್ಲ ಅಂತ ಮಗಳಿಗೆ ಫೋನಿನಲ್ಲಿ ಹೇಳಿದ್ದರು. ಫೋನು ಇಟ್ಟ ಹುಡುಗಿ ಅಡುಗೆಮನೆ ಬಾಗಿಲಲ್ಲಿ ನಿಂತು ಮೂಗು ಒರೆಸಿಕೊಂಡಳು.

“ಅಜ್ಜಿ, ಅಮ್ಮ ಈ ಮನೆಯಲ್ಲಿ ಒಂದು ತುತ್ತು ತಿಂದರೆ ಒಪ್ಪಿದ ಹಾಗೆ. ತಿನ್ನದೆ ಹೋದರೆ ಮತ್ತೆ ಈ ಕಡೆ ಬರುವುದೇ ಇಲ್ಲ. ಅವಳ ಹಟ ನನಗೆ ಗೊತ್ತುಂಟು.”

“ನೀ ಅತ್ತುಬುಟ್ರೆ ಅವ್ರು ಉಂಡಾರಾ? ಏನ್ ತಿಂತಾರೆ ಅದೇಳು, ಮಾಡಾನ.”

ಅವಳು ಹೇಳಿದ್ದು ವಾಲ್‌ವಾಲ್. ಹೆಸರು ಕೇಳಿದರೆ ಏನೋ ದೊಡ್ಡದು ಅನ್ನಿಸುತ್ತದೆ, ಮಾಡಿದರೆ ಏನೂ ಇಲ್ಲ. ಕುಂಬಳ, ತೊಂಡೆಕಾಯಿ, ಅಲಸಂದೆ ಕಾಯಿ, ಆಲೂಗಡ್ಡೆ ಹೆಚ್ಚಿ ತೆಂಗಿನ ಹಾಲಿನಲ್ಲಿ ಬೇಯಿಸುವುದು, ಹಸಿಮೆಣಸಿನಕಾಯಿ ಸೀಳಿ ಹಾಕುವುದು, ಮೇಲೊಂದು ಒಗ್ಗರಣೆ. ಈರುಳ್ಳಿ ಇಲ್ಲ, ಬೆಳ್ಳುಳ್ಳಿ ಇಲ್ಲ, ಖಾರದಪುಡಿ ಮೊದಲೇ ಇಲ್ಲ. ನಾವು ಬಾಣಂತಿಗೂ ಇದಕ್ಕಿಂತ ಖಾರ ಹಾಕುತ್ತೇವೆ ಅಂತ ಮನಸ್ಸಿನಲ್ಲೇ ಅಂದುಕೊಂಡೆ. ಬಾಯಿಬಿಟ್ಟೇ ಅಂದೆ ಅಂತ ಮೊಮ್ಮಗ ಹೇಳುತ್ತಾನೆ. ಇದ್ದರೂ ಇರಬಹುದು.

ತೋಟದ ತುಂಬ ತೆಂಗಿನ ಮರ, ಮನೆಯಲ್ಲಿ ಮಾತ್ರ ಒಂದೂ ಬಲಿತ ಕಾಯಿ ಇಲ್ಲ. ಮದ್ದೂರಿನ ಎಳನೀರು ಮಾರ್ಕೆಟ್ಟಿಗೆ ದಿನ ಬೆಳಗಾದರೆ ಗಾಡಿ ಹೋಗುವಾಗ ಕಾಯಿಯನ್ನು ಬಲಿಯಲು ಬಿಡುವವರು ಯಾರು? ಕೊನೆಗೆ ಬೆಸಗರಹಳ್ಳಿಯಲ್ಲಿರುವ ನನ್ನ ವಾರಗಿತ್ತಿಗೆ, ಅಂದರೆ ಮೈದುನನ ಹೆಂಡತಿಗೆ, ಹೇಳಿಕಳಿಸಿದೆ. ಅವಳು ಬೀಗರೂಟದ ಹಿಂದಿನ ದಿನ ಒಂದು ಚೀಲ ಕಾಯಿ ಹೊತ್ತು ಬಸ್ಸಿಳಿದಳು. ಬಂದವಳೇ, “ಅಕ್ಕ, ಮಟನ್ನಿಗೆ ಇಷ್ಟೊಂದ್ ಕಾಯ್ಯಾ?” ಅಂದಳು. ವಿಷಯ ಹೇಳಿದ್ದಕ್ಕೆ ಸೊಂಟದ ಮೇಲೆ ಕೈ ಇಟ್ಟುಕೊಂಡು ನಕ್ಕಳು.

ಮರುದಿನ ಕೊಟ್ಟಿಗೆಯ ಹಿಂದೆ ಶಾಮಿಯಾನದಲ್ಲಿ ಕುರಿ ಬೇಯುತ್ತಿತ್ತು. ಒಳಗಿನ ಅಡುಗೆಮನೆಯನ್ನು ತೊಳೆದು, ಅಲ್ಲಿ ಬರೀ ಕಾಯಿಯ ಅಡುಗೆ ಅಂತ ಮಾಡಿದ್ದೆ. ಹೊರಗೆ ಹೋಗಿ ಅಡುಗೆ ಭಟ್ಟನಿಗೆ ಎಚ್ಚರಿಕೆಯನ್ನೂ ಕೊಟ್ಟೆ.

“ಮಸಾಲೆ ವಾಸ್ನೆ ಮನೆ ಕಡೀಕ್ ಬಂದ್ರೆ ನಿನ್ ಒಲೆಗೆ ನೀರ್ ಉಯ್ತೀನಿ.”

“ಗಾಳಿಗೂ ಒಂದ್ ಮಾತ್ ಏಳ್ಬುಡಿ ಅಜ್ಜಿ,” ಅಂದ ಅವನು.

ಒಳಗೆ ಕಾಯಿ ತುರಿದು, ರುಬ್ಬಿ, ಬಟ್ಟೆಯಲ್ಲಿ ಹಿಂಡಿದೆವು. ಮೊದಲು ಬರುವ ಗಟ್ಟಿ ಹಾಲನ್ನು ಬೇರೆ ಇಡಬೇಕು, ಆಮೇಲೆ ನೀರು ಹಾಕಿ ಹಿಂಡಿದ ತೆಳು ಹಾಲಿನಲ್ಲಿ ತರಕಾರಿ ಬೇಯಬೇಕು. ಗಟ್ಟಿ ಹಾಲು ಬೀಳುವುದು ಕೊನೆಗೆ. ಮುದ್ದೆ ತೊಳಸಿದ ಕೈ ನನ್ನದು, ಹಿಂಡಿದ್ದೇ ಹಿಂಡಿದ್ದು. “ಅಜ್ಜಿ, ಸಾಕು, ಬಟ್ಟೆಯೂ ಹಾಲಾಗಿ ಬಂದೀತು,” ಅಂತ ಹುಡುಗಿ ಮೂರು ದಿನದಲ್ಲಿ ಮೊದಲ ಸಲ ನಕ್ಕಳು.

ತರಕಾರಿ ಬೆಂದಿತು, ಗಟ್ಟಿ ಹಾಲೂ ಬಿತ್ತು. ಹುಡುಗಿ ಕಿಟಕಿಯಲ್ಲಿದ್ದ ಸ್ಟೀಲ್ ಡಬ್ಬಿ ಬಗ್ಗಿಸಿ ಎಣ್ಣೆ ಕಾಯಿಸಿದಳು. ತವರಿನಿಂದ ತಂದ ಕೊಬ್ಬರಿ ಎಣ್ಣೆ ಅದು, ಅವರ ಒಗ್ಗರಣೆಗೆ ಬೇರೆ ಎಣ್ಣೆ ಆಗುವುದಿಲ್ಲ. ಜೀರಿಗೆ ಸಿಡಿಯಿತು, ಕರಿಬೇವು ಚಟಪಟ ಅಂದಿತು, ಚೊಂಯ್ ಅಂತ ಪಾತ್ರೆಗೆ ಸುರಿದಳು.

ಮನೆ ತುಂಬ ಮಲ್ಲಿಗೆ ಹೂವಿನ ವಾಸನೆ.

ಹುಡುಗಿ ಡಬ್ಬಿಗೆ ಬೆರಳು ಅದ್ದಿ ಮೂಸಿದಳು. “ಅಜ್ಜಿ, ಇದು ಅಂಗಡಿಯ ತಲೆಗೆಣ್ಣೆ!”

ನಾನು ವಾರಗಿತ್ತಿಯನ್ನು ನೋಡಿದೆ. ಅವಳ ತಲೆ ತೊಳೆದಿಟ್ಟ ಬದನೆಕಾಯಿಯ ಹಾಗೆ ಮಿರಮಿರ ಮಿಂಚುತ್ತಿತ್ತು.

“ಏನ್ಲೇ ಮಾಡ್ದೆ?”

“ನಂಗೇನ್ ಗೊತ್ತಕ್ಕ? ಕೊಬ್ರಿ ಎಣ್ಣೆ ಕಿಟ್ಕೀಲಿತ್ತು, ನೆತ್ತಿಗೆ ಉಯ್ಕಂಡೆ. ಪೂರಾ ಖಾಲಿಯಾಗೋಯ್ತು, ಬಂದ ಮನೇಲಿ ಚೆಂದಾಗಿರಲ್ಲ ಅಂತ ನನ್ ಬ್ಯಾಗ್‌ನಾಗಿದ್ದ ಬಾಟ್ಲಿಂದ ತುಂಬ್ಸಿಟ್ಟೆ. ಕೊಬ್ರಿ ಎಣ್ಣೇನ ತಲೆಗಲ್ದೆ ಇನ್ನೆಲ್ಲಿಗಾಕ್ತರೆ?”

ಬೈಯಲು ಬಾಯಿ ತೆರೆದೆ, ಬೈಗುಳ ಬರಲಿಲ್ಲ. ನಮ್ಮ ಅಡುಗೆಗೆ ಬೀಳುವುದು ಕಡಲೆಕಾಯಿ ಎಣ್ಣೆ. ಕೊಬ್ಬರಿ ಎಣ್ಣೆ ಕಂಡರೆ ಈ ಸೀಮೆಯ ಯಾವ ಹೆಂಗಸಿನ ಕೈಯಾದರೂ ಜಡೆ ಕಡೆಗೇ ಹೋಗುವುದು. ಬೈಗುಳದ ಬದಲು ನಗು ಬಂತು. ವಾರಗಿತ್ತಿಗೂ ಬಂತು. ಹುಡುಗಿ ಅಳುತ್ತ ನಗುತ್ತ ನೆಲದ ಮೇಲೆ ಕುಸಿದಳು. ನಾವು ಮೂವರೂ ಹಾಗೆ ಹೊಟ್ಟೆ ಹಿಡಿದುಕೊಂಡಿದ್ದಾಗ ಬಾಗಿಲಲ್ಲಿ ಬೀಗಿತ್ತಿ ನಿಂತಿದ್ದರು. ಕಾರು ಬಂದದ್ದೇ ನಮಗೆ ಕೇಳಿಸಿರಲಿಲ್ಲ.

“ಹೇಂ ಕಸಲೆಂ ಗೋ?” ಅಂದರು. ಇದೇನಿದು ಅಂತ. ಮಗಳು ಬಿಕ್ಕುತ್ತ ಕೊಂಕಣಿಯಲ್ಲಿ ಎಲ್ಲ ಹೇಳಿದಳು. ವಾರಗಿತ್ತಿ ಸೆರಗು ಎಳೆದು ತಲೆ ಮುಚ್ಚಿಕೊಂಡಳು. ಬೀಗಿತ್ತಿ ಕೈಚೀಲವನ್ನು ಕಂಕುಳಲ್ಲಿ ಒತ್ತಿಕೊಂಡು ನೇರ ಅವಳ ಹತ್ತಿರ ಹೋಗಿ, ಸೆರಗು ಸರಿಸಿ, ಬಗ್ಗಿ ತಲೆ ಮೂಸಿದರು!

“ನಮ್ಮ ಎಣ್ಣೆಯೇ ಹೌದು. ನಾನೇ ಗಾಣದಲ್ಲಿ ತೆಗೆಸಿದ್ದು. ಎಂತ ಮಾಡುವುದು ಈಗ, ಒಗ್ಗರಣೆ ಇವರ ತಲೆ ಮೇಲೆ ಹಾಕುವುದಾ?”

“ಆಕ್ಬುಡಿ ತಾಯಿ, ಜೀರ್ಗೆ ತತ್ತೀನಿ,” ಅಂದಳು ವಾರಗಿತ್ತಿ.

ಬೀಗಿತ್ತಿಯ ತುಟಿ ಒಂದು ಕಡೆ ಅಲುಗಿತು. ನಗಲಿಲ್ಲ. ಆದರೆ ಕೈಚೀಲ ಕೆಳಗಿಟ್ಟು ಸೆರಗು ಸಿಕ್ಕಿಸಿದರು. ಕೆಟ್ಟ ಅಡುಗೆಯ ಮುಂದೆ ಕೈಕಟ್ಟಿ ನಿಲ್ಲುವುದು ಅಡುಗೆ ಬಲ್ಲ ಹೆಂಗಸಿಗೆ ಆಗದ ಕೆಲಸ. ಮಲ್ಲಿಗೆ ವಾಲ್‌ವಾಲನ್ನು ಬಾಳೆಗಿಡದ ಬುಡಕ್ಕೆ ಸುರಿದು ಬಂದೆ. ಹೊಸದಾಗಿ ತರಕಾರಿ ಹೆಚ್ಚಿದೆವು, ಕಾಯಿ ಒಡೆದು ಹಾಲು ಹಿಂಡಿದೆವು. ಎಣ್ಣೆಗೆ ನಾನು ಕಡಲೆಕಾಯಿ ಎಣ್ಣೆ ಮುಂದೆ ಹಿಡಿದರೆ, ಸೀಮೆಎಣ್ಣೆ ಕೊಟ್ಟ ಹಾಗೆ ನನ್ನನ್ನು ನೋಡಿದರು.

“ಮನೆಯಲ್ಲಿ ಕಾಯಿ ಇರುವಾಗ ಎಣ್ಣೆ ಇಲ್ಲ ಅಂದರೆ ಹೇಗೆ?” ಅಂದು, ಮಿಕ್ಕ ಗಟ್ಟಿ ಹಾಲನ್ನು ಬಾಣಲೆಗೆ ಸುರಿದು ಸಣ್ಣ ಉರಿಯಲ್ಲಿ ಮಗುಚುತ್ತ ನಿಂತರು. ಹಾಲು ಕುದಿದು, ಒಡೆದು, ಹಿಟ್ಟು ಹಿಟ್ಟಾಗಿ, ಹೊಂಬಣ್ಣಕ್ಕೆ ತಿರುಗಿತು. ಅದರ ಸುತ್ತ ತಿಳಿಯಾದ ಎಣ್ಣೆ ಬಿಟ್ಟಿತು. ಹೊರಗಿನ ಮಟನ್ ವಾಸನೆ ಇದರ ಮುಂದೆ ಎಲ್ಲಿ ಹೋಯಿತೋ. ಎಣ್ಣೆ ಬಸಿದು, ಜೀರಿಗೆ ಸಿಡಿಸಿ, ಈ ಸಲ ಒಗ್ಗರಣೆಯನ್ನು ಆಕೆಯೇ ಹಾಕಿದರು.

ಬಾಣಲೆಯ ತಳದಲ್ಲಿ ಕೆಂಪಗಿನ ಗಸಿ ಉಳಿದಿತ್ತು. ಅದನ್ನು ಕೆರೆದು, ಬೆಲ್ಲ ಉದುರಿಸಿ, ಒಂದು ಉಂಡೆ ಮಗಳ ಬಾಯಿಗಿಟ್ಟರು. ಇನ್ನೊಂದು ನನ್ನ ಕೈಗೆ, ಮತ್ತೊಂದು ವಾರಗಿತ್ತಿಗೆ. ಉಳಿದದ್ದನ್ನು ಬೆರಳಲ್ಲಿ ಬಳಿದು ತಮ್ಮ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು.

ಹುಡುಗಿ ನನ್ನ ತೋಳು ಚಿವುಟಿದಳು, ಸುಮ್ಮನಿರು ಅಂತ. ಸುಮ್ಮನಿರುವುದು ನನ್ನ ಹುಟ್ಟುಗುಣವಲ್ಲ.

“ಬೀಗ್ತೀ, ಉಂಡ್ಬುಟ್ರಲ್ಲಾ!”

ಬೆರಳು ಬಾಯಲ್ಲೇ ನಿಂತಿತು. “ಇದೇನು ಊಟವಾ? ಕಾಯಿಯ ರುಚಿ ನೋಡಿದ್ದಷ್ಟೆ.”

“ಕಾಯಿ ಯಾರ್ದು? ನಮ್ದು ಕಣಮ್ಮ.”

“ನಿಮ್ದೆಲ್ಲಿ ಬಂತು? ಬೆಸಗರಳ್ಳೀದು, ನಂದು!” ಅಂತ ವಾರಗಿತ್ತಿ ನನ್ನ ಮೇಲೇ ಎಗರಿದಳು.

ಈಗ ಬೀಗಿತ್ತಿಗೆ ತಡೆಯಲಾಗಲಿಲ್ಲ. ಬಾಯಿಯ ಗಸಿ ನೆತ್ತಿಗೇರಿ ಕೆಮ್ಮು ಬರುವಷ್ಟು ನಕ್ಕರು. ನಾನು ನೀರು ಕೊಟ್ಟೆ. ಗಟಗಟ ಕುಡಿದರು. ಚೊಂಬು ಕೆಳಗಿಟ್ಟು ಮಗಳನ್ನು ನೋಡಿದರು.

“ನಿಂತುಕೊಂಡು ತಿನ್ನುವುದು ನಮ್ಮಲ್ಲಿ ಇಲ್ಲ,” ಅಂದರು. “ಎಲೆ ಹಾಕು.”

ಹುಡುಗಿ ಓಡಿಹೋಗಿ ಎಲೆ ತಂದು, ಗಡಿಬಿಡಿಯಲ್ಲಿ ತುದಿ ಬಲಕ್ಕೆ ಬರುವ ಹಾಗೆ ಹಾಸಿದಳು. ಅವಳಮ್ಮ ಅದನ್ನು ಎಡಕ್ಕೆ ತಿರುಗಿಸಿಕೊಂಡು ಕೂತರು.