ಹಿಂದಿನ ಸೀಟಿನ ದನಿ

ದೆವ್ವ, ಗಾಳಿ, ಶಕುನ ಎನ್ನುವವರನ್ನು ನಾನು ಬಹಳ ಗೋಳು ಹೊಯ್ದುಕೊಂಡವನು. ಹುಮನಾಬಾದ, ಬಸವಕಲ್ಯಾಣದ ಸುತ್ತಿನ ಹಳ್ಳಿಗಳಿಗೆ ಬಾಡಿಗೆ ಕ್ರೂಸರ್ ಜೀಪು ಹೊಡೆಯುವವನಿಗೆ ಇಂಥ ಕಥೆಗಳು ಪುಕ್ಕಟೆ ಸಿಗುತ್ತವೆ. ಈ ಹುಣಸೆಮರದ ಕೆಳಗೆ ಯಾರೋ ಕೈ ಮಾಡುತ್ತಾರಂತೆ, ಆ ತಿರುವಿನಲ್ಲಿ ಗಾಡಿ ತಾನೇ ಬಂದ್ ಬೀಳುತ್ತದಂತೆ. ಅಂಜುವವನಿಗೆ ಹಗ್ಗವೂ ಹಾವೇ ಎಂದು ನಕ್ಕುಬಿಡುತ್ತಿದ್ದೆ. ಆ ಸಂಜೆಯಾದ ಮೇಲೆ ನಗುವುದನ್ನು ಬಿಟ್ಟಿದ್ದೇನೆ. ಹಾಗಂತ ನಂಬುತ್ತೇನೆ ಎಂದೂ ಹೇಳಲಾರೆ. ನಡೆದದ್ದನ್ನು ನಡೆದಂತೆ ಹೇಳುತ್ತೇನೆ, ಮುಂದಿನದು ನಿಮಗೆ ಬಿಟ್ಟದ್ದು.

ನಮ್ಮ ದಾರಿಯಲ್ಲಿ ನಿಜಾಮರ ಕಾಲದ ಒಂದು ಕಲ್ಲುಸೇತುವೆ ಇತ್ತು. ನಾನು ಸಮುದ್ರ ಕಂಡವನಲ್ಲ, ಆದರೆ ಭರತ ಇಳಿತ ಅನ್ನುತ್ತಾರಲ್ಲ, ಆ ಹೊಳೆಯದೂ ಹಾಗೇ. ಮೇಲಿನ ಡ್ಯಾಮಿನ ಗೇಟು ಎತ್ತಿದರೆ ಏರುವುದು, ಇಳಿಸಿದರೆ ಇಳಿಯುವುದು. ನೀರು ಬಂದಾಗ ದಾರಿಗೆ ಅಡ್ಡ ತಿರುಗಿಸಿ ಹಾಕಲೆಂದು ಸೇತುವೆಯ ಬಾಯಿಗೆ ಕಬ್ಬಿಣದ ಗೇಟೊಂದಿತ್ತು; ಅದು ತುಕ್ಕು ಹಿಡಿದು ತೆರೆದೇ ನಿಂತು ಎಷ್ಟೋ ಕಾಲವಾಗಿತ್ತು. ಸೇತುವೆಯ ಮೇಲೆ ಭರವಸೆ ಇಲ್ಲದ ನಾವು ಡ್ರೈವರ್‌ಗಳೇ ಒಂದು ಪದ್ಧತಿ ಮಾಡಿಕೊಂಡಿದ್ದೆವು. ಪ್ಯಾಸೆಂಜರ್‌ಗಳೆಲ್ಲ ಇಳಿದು ಮುಂದೆ ನಡೆಯಬೇಕು, ಖಾಲಿ ಗಾಡಿ ಹಿಂದಿನಿಂದ ಮೆಲ್ಲಗೆ ಬರಬೇಕು. ಮುದುಕರು, ಬಾಣಂತಿಯರು ಮಾತ್ರ ಕುಳಿತೇ ಇರಬಹುದು.

ಅಂದು ಹಿಂದಿನ ಸೀಟಿನಲ್ಲಿ ಸಿದ್ದಮ್ಮ ಎಂಬ ಮುದುಕಿ ಇದ್ದಳು. ಅವಳ ಒಬ್ಬಳೇ ಮಗಳು ಮಹಾದೇವಿ ಹುಮನಾಬಾದದ ಆಸ್ಪತ್ರೆಯಲ್ಲಿ ಹೆತ್ತು ಮಲಗಿದ್ದಳು. ಹೆರಿಗೆ ಬಹಳ ಕಷ್ಟವಾಗಿತ್ತು, ಜೀವ ಇನ್ನೂ ಪೂರ್ತಿ ಹಿಡಿತಕ್ಕೆ ಬಂದಿರಲಿಲ್ಲ. ನಾನು ಮನೆ ಮುಂದೆ ಹಾರ್ನ್ ಹೊಡೆದು ಕರೆದರೆ ಮುದುಕಿ ಹೊರಗೆ ಬಂದು, ದಿನಾ ನನ್ನ ಗಾಡಿಯಲ್ಲೇ ಬಾಣಂತಿಗೆ ಸಜ್ಜಕ, ಅಂಟಿನ ಉಂಡಿಯ ಬುತ್ತಿ ಒಯ್ಯುತ್ತಿದ್ದಳು. ಮೊಣಕಾಲು ನೋವು ಇದ್ದರೂ ಸೇತುವೆ ಬಂದ ಕೂಡಲೇ ಇಳಿಯುತ್ತಿದ್ದಳು. ಬುತ್ತಿ ಹೊತ್ತು ಹೊಳೆ ದಾಟುವಾಗ ನಡುವೆ ನಿಂತು ಗಂಗವ್ವಗೆ ಒಂದು ತುತ್ತು ಹಾಕಬೇಕು, ಗಾಡಿಯಲ್ಲಿ ಕುಳಿತು ಎಸೆದರೆ ಮುಟ್ಟುವುದಿಲ್ಲ ಎಂಬುದು ಅವಳ ಹಟ.

ಅಂದೂ ಅವಳು ಇಳಿಯುವಾಗ, ಗಂಗವ್ವಗೂ ಬಾಣಂತನ ನಡೆದಿದೆಯೇ ಎಂದು ನಾನು ಚೇಷ್ಟೆ ಮಾಡಿದೆ. ಅವಳು ನಗಲಿಲ್ಲ.

"ಆಕಿಗಿ ಕೊಡಲಾರದ ಹ್ಯಾಂಗ ಹೋಗ್ಲಿ, ತಮ್ಮಾ? ನನ್ನ ಮಗಳು ಇನ್ನಾ ಹಾಸಿಗ್ಯಾಗ ಅದಾಳ."

ನೀರು ಕಮಾನುಗಳ ಎದೆಮಟ್ಟಕ್ಕೆ ಬಂದಿತ್ತು. ಇದಕ್ಕಿಂತ ಹೆಚ್ಚು ನೀರಿನಲ್ಲೂ ದಾಟಿದ್ದೆವು. ಉಳಿದವರು ಆಚೆ ದಂಡೆ ಮುಟ್ಟಿದರು. ಸಿದ್ದಮ್ಮ ನಡುವೆ ನಿಂತು, ಕಟ್ಟೆಗೆ ಆತು ಬುತ್ತಿಯ ಗಂಟು ಬಿಚ್ಚುತ್ತಿದ್ದುದು ಗಾಜಿನಾಚೆ ನನಗೆ ಚೆನ್ನಾಗಿ ಕಾಣುತ್ತಿತ್ತು. ಸೂರ್ಯ ಇನ್ನೂ ಮುಳುಗಿರಲಿಲ್ಲ. ಗೇರ್ ಹಾಕಿದೆ. ಮುಂದಿನ ಗಾಲಿಗಳು ಸೇತುವೆ ಏರಿದವು.

ಆಗ ನನ್ನ ಬೆನ್ನ ಹಿಂದೆ, ಸೀಟಿನಿಂದ, ಸಿದ್ದಮ್ಮ ಅಂದಳು: "ತಮ್ಮಾ, ಗಾಡಿ ನಿಂದ್ರಸು. ನಾ ಇಲ್ಲೇ ಕುಂತೀನಿ."

ಬ್ರೇಕ್ ತುಳಿದು ಹಿಂದೆ ತಿರುಗಿದೆ. ಸೀಟು ಖಾಲಿ. ನೆಲ ಅದುರಿತು. ಮತ್ತೆ ಮುಂದೆ ನೋಡುವಷ್ಟರಲ್ಲಿ ನಡುವಿನ ಕಮಾನು ಇರಲಿಲ್ಲ, ಸಿದ್ದಮ್ಮನೂ ಇರಲಿಲ್ಲ. ಆಚೆ ದಂಡೆಯವರು ಬಾಯಿ ಬಡಿದುಕೊಳ್ಳುತ್ತಿದ್ದರು. ಮರುದಿನ ಕೆಳಗಡೆ ಜಾಲಿಕಂಟಿಯಲ್ಲಿ ಅವಳ ಹೆಣ ಸಿಕ್ಕಿತು.

ತಿಳಿದವರು ನನಗೆ ತಿಳಿಹೇಳಿದ್ದಾರೆ. ಗಾಲಿ ಅದುರಿದ್ದು ಮೈಗೆ ಮೊದಲೇ ಗೊತ್ತಾಗಿರಬೇಕು, ಮನಸ್ಸು ಅದಕ್ಕೆ ಮುದುಕಿಯ ದನಿ ಕೊಟ್ಟಿರಬೇಕು ಎಂದರು. ಇರಬಹುದು. ಆದರೆ ಮುಂಭಾಗದ ಹಲ್ಲಿಲ್ಲದ ಆ ಬಾಯಿಯ ಮಾತು, ನಡುನಡುವೆ ಉಬ್ಬಸದ ಉಸಿರು, ಎಲ್ಲ ನನ್ನ ಕಿವಿಯ ಹಿಂದೆಯೇ ಇತ್ತು.

ಮಹಾದೇವಿ ಗುಣವಾಗಿ ಮನೆಗೆ ಬಂದ ಮೇಲೆ ನನಗೆ ಹೇಳಿ ಕಳಿಸಿದಳು. ಅವ್ವ ಕೊನೆಗೆ ಏನು ಅಂದಳು ಎಂದು ಕೇಳಿದಳು. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಗಂಗವ್ವನ ತುತ್ತಿನ ಮಾತು ಹೇಳಿದೆ, ಆ ದನಿಯ ಮಾತನ್ನೂ ಹೇಳಿದೆ. ಹುಚ್ಚ ಅನ್ನುತ್ತಾಳೆ, ಇಲ್ಲವೇ ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಕೂಸಿನ ತಲೆ ಸವರಿದಳು.

"ನಿಮಗ ಕರದಾಳಲ್ರಿ, ಅಣ್ಣಾ," ಅಂದಳು. "ಅವತ್ತ ಸಂಜಿಮಟ ನಾ ಬಾಗಿಲಕಡೇನ ಕಿವಿ ಇಟ್ಟು ಮಲಗಿದ್ದೆ. ನನಗ ಯಾಕ ಕರೀಲಿಲ್ಲರಿ?"

ಕೂಸು ಅಳತೊಡಗಿತು, ನಾನು ಎದ್ದು ಬಂದೆ. ಈಗ ಹೊಸ ಸೇತುವೆಯಾಗಿದೆ, ಯಾರೂ ಇಳಿಯಬೇಕಿಲ್ಲ. ಆ ದನಿ ಎಲ್ಲಿಂದ ಬಂತೋ ನನಗೆ ತಿಳಿದಿಲ್ಲ. ಮಹಾದೇವಿ ಇರುವ ಅವಳ ಅವ್ವನ ಮನೆ ದಾರಿಯ ಮೇಲೆಯೇ ಇದೆ. ಅಲ್ಲಿ ನಾನು ಹಾರ್ನ್ ಹೊಡೆಯದೆ ದಾಟುತ್ತೇನೆ.