ಆಯ್ತಕ್ಕನ ಒಪ್ಪಿಗೆ

ನಮ್ಮ ಬೀದಿಯ ದರ್ಜಿಗೆ ಆಯ್ತಕ್ಕ ಎಂಬ ಹೆಸರು ಸುಮ್ಮನೆ ಬಿದ್ದದ್ದಲ್ಲ. ಅಂಗಿಯ ತೋಳು ಬಿಗಿ ಎಂದರೆ "ಆಯ್ತು", ನಾಳೆಯೇ ಬೇಕು ಎಂದರೆ "ಆಯ್ತು", ಇದನ್ನು ನಾಯಿಗೂ ತೊಡಿಸುವಂತಿಲ್ಲ ಎಂದರೂ "ಆಯ್ತು". ಅದು ಒಪ್ಪಿಗೆಯಲ್ಲ; ಕೇಳಿಸಿತು, ಇನ್ನು ಹೊರಡಿ ಎಂದು ಅರ್ಥ. ಹದಿನೆಂಟು ವರ್ಷಗಳಿಂದ ನನ್ನ ಬಟ್ಟೆ ಅಂಗಡಿಯ ಗಿರಾಕಿಗಳನ್ನು ಪಕ್ಕದ ಅವಳ ಅಂಗಡಿಗೆ ಕಳಿಸುತ್ತಿದ್ದೇನೆ. ಅವಳ ಆಯ್ತನ್ನು ನಂಬಿದವರು ಮದುವೆಗೆ ಹಳೆ ಅಂಗಿಯಲ್ಲೇ ಹೋಗಿಬಂದಿದ್ದಾರೆ.

ಅವಳ ಗಂಡ ಬಸ್ ಓಡಿಸುತ್ತಿದ್ದವನು. ಲಕ್ವ ಹೊಡೆದು ಎರಡು ವರ್ಷದಿಂದ ಅಂಗಡಿಯ ಹಿಂದಿನ ಕೋಣೆಯಲ್ಲಿ ಮಲಗಿದ್ದಾನೆ. ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಕಾಜಾ ಹಾಕುತ್ತಿದ್ದ ಸೂಜಿಯನ್ನು ರವಿಕೆಯ ತೋಳಿಗೆ ಸಿಕ್ಕಿಸಿಕೊಂಡು ಅವಳು ಒಳಗೆ ಓಡುತ್ತಾಳೆ. ಕೈ ಸೋತ ದಿನ ತಪ್ಪುತ್ತದೆ. ಹಾಗೆ ತಪ್ಪಿ ತಪ್ಪಿ ಅವನ ಬೆನ್ನಿನ ಕೆಳಗೆ ಅಂಗೈ ಅಗಲದ ಹುಣ್ಣಾಗಿತ್ತು.

ಹೋದ ವರ್ಷ ವಲಯದ ಆರೋಗ್ಯ ಸಮಿತಿಗೆ ನಿವಾಸಿಗಳ ಪ್ರತಿನಿಧಿ ಬೇಕೆಂದು ಪತ್ರ ಬಂತು. ಇನ್ನು ಮುಂದೆ ಜನರನ್ನು ಕೇಳಿಯೇ ಎಲ್ಲ ತೀರ್ಮಾನವಂತೆ. ಇಲ್ಲದ ಉಸಾಬರಿ ಯಾರಿಗೆ ಬೇಕು? ಎಲ್ಲರೂ ಸೇರಿ ಆಯ್ತಕ್ಕನನ್ನು ಕೇಳಿದೆವು. ಅವಳು ಏನೆಂದಳು ಎಂದು ಬೇರೆ ಹೇಳಬೇಕೆ? ಆವತ್ತು ಮಾತ್ರ ನಾವು ಅದನ್ನು ಒಪ್ಪಿಗೆ ಎಂದೇ ಹಿಡಿದೆವು.

ಮೊದಲ ಸಭೆಯಲ್ಲೇ ಅಧ್ಯಕ್ಷರು ಯೋಜನೆ ಓದಿದರು: ನಮ್ಮ ಬೀದಿಯ ಸಂಜೆ ಕ್ಲಿನಿಕ್ ಮುಚ್ಚುವುದು, ಅಲ್ಲಿನ ನರ್ಸ್‌ಗಳನ್ನು ಹಾಸಿಗೆ ಹಿಡಿದವರ ಮನೆಗಳಿಗೆ ಕಳಿಸುವುದು. "ಏನಂತೀರಮ್ಮಾ?" ಗಂಡನನ್ನು ಹೊರಳಿಸುವ ಹೊತ್ತು ಮೀರುತ್ತಿತ್ತು. "ಆಯ್ತು" ಎಂದು ಎದ್ದು ಬಂದಳು. ನಡಾವಳಿಯಲ್ಲಿ ಗುಮಾಸ್ತ ಬರೆದ: ನಿವಾಸಿಗಳ ಪ್ರತಿನಿಧಿ ಸಂಪೂರ್ಣವಾಗಿ ಒಪ್ಪಿದರು.

ನರ್ಸ್ ಬರತೊಡಗಿದಳು, ವಾರಕ್ಕೆ ಮೂರು ಸಲ. ಹುಣ್ಣು ಅಂಚಿನಿಂದ ಒಣಗುತ್ತ ಬಂತು. "ನಾನು ಗಾಡಿಯನ್ನೂ ಇಷ್ಟು ನಯವಾಗಿ ತಿರುಗಿಸಿಲ್ಲ ಕಣೇ" ಎಂದು ಡ್ರೈವರ್ ಎಷ್ಟೋ ತಿಂಗಳ ಮೇಲೆ ನಕ್ಕ.

ನಾಲ್ಕನೆಯ ವಾರ ಕ್ಲಿನಿಕ್ಕಿನ ಬಾಗಿಲಿಗೆ ಚೀಟಿ ಅಂಟಿತು: ನಿವಾಸಿಗಳ ಪ್ರತಿನಿಧಿಯ ಒಪ್ಪಿಗೆಯಂತೆ ತಿಂಗಳ ಕೊನೆಗೆ ಬಂದ್. ನಮ್ಮ ಬೀದಿಯ ಇಸ್ತ್ರಿಯವಳಿಗೆ ಉಬ್ಬಸ, ದಿನ ಬಿಟ್ಟು ದಿನ ಅಲ್ಲಿ ಮುಖಕ್ಕೆ ಮಾಸ್ಕ್ ಹಾಕಿಸಿಕೊಂಡು ಔಷಧಿ ಎಳೆದುಕೊಳ್ಳುತ್ತಾಳೆ. ದೊಡ್ಡಾಸ್ಪತ್ರೆಗೆ ಎರಡು ಬಸ್ ಬದಲಿಸಬೇಕು. ಅವಳು ನೇರ ದರ್ಜಿ ಅಂಗಡಿಗೆ ಬಂದಳು.

"ಏನಕ್ಕಾ, ನಿನ್ನ ಬಾಗ್ಲಿಗೆ ನರ್ಸು, ನಮ್ಮ ಬಾಗ್ಲಿಗೆ ಬೀಗ. ಒಳ್ಳೆ ಅಳತೆ ತಗೊಂಡಿದೀಯ ಬಿಡು!"

"ನಾನೆಲ್ಲಿ ಒಪ್ಪಿದ್ನೇ?"

"ಬರ್ದಿದಾರಲ್ಲ?"

"ಆಯ್ತು ಅಂದೆ, ಅಷ್ಟೇ."

ಇಸ್ತ್ರಿಯವಳಿಗೆ ನಗು ಬಂತು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ. ಆಯ್ತಕ್ಕ ಅವಳ ತೋಳು ಹಿಡಿದು ಕ್ಲಿನಿಕ್ಕಿಗೆ ನಡೆಸಿಕೊಂಡು ಹೋದಳು. ನಲವತ್ತೇ ಹೆಜ್ಜೆ, ಮೂರು ಕಡೆ ನಿಂತರು.

ಅಂಗಡಿ ಮುಚ್ಚುವ ಹೊತ್ತಿಗೆ ಆಯ್ತಕ್ಕ ನನ್ನ ಕಟ್ಟೆಗೆ ಬಂದಳು. "ಅಣ್ಣಾ, ವ್ಯಾಪಾರ ಬಲ್ಲೋರು ನೀವು. ಏನ್ಮಾಡ್ಲಿ?"

"ಬಾಯ್ಮುಚ್ಕೊಂಡಿರು ತಾಯಿ. ಬರ್ದೋರು ಅವ್ರು, ನೀನಲ್ಲ."

ಒಳ್ಳೆಯ ಸಲಹೆಯೇ. ಅದಕ್ಕೆ ಅವಳು ಆಯ್ತು ಎಂದೂ ಅನ್ನಲಿಲ್ಲ.

ಮುಂದಿನ ಸಭೆಗೆ ನಾನೂ ಹೋಗಿ ಹಿಂದಿನ ಕುರ್ಚಿಯಲ್ಲಿ ಕೂತೆ. ಹಳೆಯ ನಡಾವಳಿ ಓದಿ ಅಧ್ಯಕ್ಷರು ಕೇಳಿದರು, "ಸರಿ ಇದೆಯಲ್ಲಮ್ಮಾ?"

"ಇಲ್ಲ ಸಾರ್. ನಾನು ಒಪ್ಪಿಲ್ಲ. ಕ್ಲಿನಿಕ್ ಮುಚ್ಬೇಡಿ. ನರ್ಸನ್ನೂ ನಿಲ್ಲಿಸ್ಬೇಡಿ."

"ಇರೋರು ಮೂವರೇ ನರ್ಸ್. ಎರಡೂ ಹೇಗಮ್ಮಾ? ಒಂದು ಹೇಳಿ."

"ಅದನ್ನ ತಿಳಿದೋರು ನೀವು ಹೇಳ್ಬೇಕು."

"ಛೆ ಛೆ, ಇದು ಜನರೇ ಹೇಳ್ಬೇಕಾದ್ದು."

ಮೇಜಿನ ಸುತ್ತ ಕೂತಿದ್ದ ಹನ್ನೊಂದು ಮಂದಿಗೂ ಒಮ್ಮೆಲೇ ಜನರ ಮೇಲೆ ಅಪಾರ ಗೌರವ ಬಂತು. ಎಲ್ಲರೂ ಪೆನ್ನು ಕೆಳಗಿಟ್ಟು ಅವಳ ಮುಖ ನೋಡಿದರು.

"ನನ್ನನ್ನ ಬಿಟ್ಬಿಡಿ ಸಾರ್. ಬೇರೆ ಯಾರನ್ನಾದ್ರೂ ಕೇಳಿ."

"ರಾಜೀನಾಮೆ ಮುಂದಿನ ಸಭೆಗೆ ತಗೊಳ್ಳೋಣ. ಇವತ್ತಿಗೆ ನೀವೇ ಪ್ರತಿನಿಧಿ."

ರವಿಕೆಯ ತೋಳಿನಲ್ಲೇ ಉಳಿದಿದ್ದ ಸೂಜಿಯನ್ನು ಅವಳು ಕಿತ್ತು ಮತ್ತೆ ಸಿಕ್ಕಿಸಿಕೊಂಡಳು. "ಕ್ಲಿನಿಕ್ ಇರ್ಲಿ" ಎಂದಳು. ಒಮ್ಮೆ ಬಾಯಿ ಸುಟ್ಟುಕೊಂಡ ಬೆಕ್ಕಿನಂತಾಗಿದ್ದ ಗುಮಾಸ್ತ ಈ ಸಲ ಎರಡೆರಡು ಬಾರಿ ಕೇಳಿ ಬರೆದುಕೊಂಡ.

ನಾವು ಮರಳುವಷ್ಟರಲ್ಲಿ ಸುದ್ದಿ ಬೀದಿ ಮುಟ್ಟಿತ್ತು. ಇಸ್ತ್ರಿಯವಳು ಓಡಿಬಂದು ಅವಳ ಎರಡೂ ಕೈ ಹಿಡಿದುಕೊಂಡಳು. ಆಯ್ತಕ್ಕ ಕೈ ಬಿಡಿಸಿಕೊಂಡು ಒಳಗೆ ಹೋದಳು. ನಾನು ಬಾಗಿಲಲ್ಲೇ ನಿಂತೆ.

"ನಾಳೆ ನರ್ಸ್ ಬರೋ ದಿನ ಅಲ್ವಾ?" ಡ್ರೈವರ್ ಕೇಳಿದ.

"ಬರಲ್ಲ."

"ಯಾರು ಬೇಡ ಅಂದಿದ್ದು?"

"ನಾನೇ."

ಅವಳು ಬಗ್ಗಿ ಅವನ ಬೆನ್ನಿನ ಕೆಳಗೆ ಕೈ ತೂರಿಸಿದಳು. ಆಡುವ ಒಂದು ಕೈಯಿಂದ ಅವಳ ಕುತ್ತಿಗೆ ಹಿಡಿದು ಭಾರ ಹಗುರ ಮಾಡಿಕೊಡುವುದು ಅವನ ರೂಢಿ. ಆವತ್ತು ಆ ಕೈ ಹೊದಿಕೆಯ ಮೇಲೇ ಇತ್ತು. ಅವಳು ಎತ್ತಿದಳು, ಆಗಲಿಲ್ಲ. ಉಸಿರು ಹಿಡಿದು ಮತ್ತೆ ಎತ್ತಿದಳು.